ಕಳ್ಳನಿಗೆ ಬೆಲ್ಲ ನೀರು ಕೊಟ್ಟ ಮುಖಪುಟ

ಕನ್ನಡದ ಹಳೆಯ ಕಾದಂಬರಿಗಳ ಮುಖಪುಟಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಯಾವುದನ್ನು ಬೇಕಾದರೂ ತೆಗೆದು ನೋಡಿ: ಒಂದು ಬೋಳು ಮರ, ಅದರ ಹಿಂದೆ ಒಬ್ಬ ಸೂರ್ಯ, ಮುಂದೆ ಬೆನ್ನು ತಿರುಗಿಸಿ ನಿಂತ ಒಬ್ಬಳು ಹೆಂಗಸು. ಸೂರ್ಯ ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ ಎನ್ನುವುದು ಆ ದಿನ ಪ್ರೆಸ್ಸಿನಲ್ಲಿ ಯಾವ ಶಾಯಿ ಉಳಿದಿತ್ತು ಎನ್ನುವುದರ ಮೇಲೆ ನಿಂತಿರುತ್ತದೆ. ಒಳಗಿನ ಕಥೆ ಕೊಲೆಯದ್ದಿರಲಿ, ಮದುವೆಯದ್ದಿರಲಿ, ಆ ಹೆಂಗಸು ಮಾತ್ರ ಈಚೆ ತಿರುಗುವವಳಲ್ಲ. ಮುಖ ಬರೆಯಲು ಬಾರದವನಿಗೆ ಬೆನ್ನೇ ಗತಿ ಎಂದು ನಾನು ತರಗತಿಯಲ್ಲಿ ಹೇಳಿದೆ. ಎಲ್ಲರೂ ನಕ್ಕರು. ನಮ್ಮ ಮೇಡಂ ಮಾತ್ರ ನಗದೆ, "ಹಾಗಾದ್ರೆ ನೀವೇ ಮಾಡಿ ತೋರಿಸಿ" ಎಂದರು. ಕೊನೆಯ ವರ್ಷದ ಪ್ರಾಜೆಕ್ಟ್ ನಮ್ಮೆಲ್ಲರ ತಲೆಗೆ ಬಂದದ್ದು ಹೀಗೆ, ನನ್ನ ಬಾಯಿಯ ದೆಸೆಯಿಂದ.

ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದ ಕಾಲ ಅದು. ಓದುತ್ತಿದ್ದೆ ಎನ್ನುವುದು ದೊಡ್ಡ ಮಾತಾಯಿತು. ಸುಳ್ಯದ ಹತ್ತಿರದ ಐವರ್ನಾಡಿನಿಂದ ಬಸ್ಸು ಹತ್ತಿ ಹೋಗಿ ಬರುತ್ತಿದ್ದೆ. ಪ್ರಾಜೆಕ್ಟಿನ ನಿಯಮ ಸರಳ. ಒಬ್ಬೊಬ್ಬರಿಗೆ ಒಂದೊಂದು ಹಳೆಯ ಪ್ರಸಿದ್ಧ ಪುಸ್ತಕ, ಅದಕ್ಕೆ ಹೊಸ ಮುಖಪುಟ. ಆದರೆ ಮೇಡಂ ಕೊನೆಯಲ್ಲಿ ಒಂದು ಬಾಲ ಸೇರಿಸಿದರು. "ಪುಸ್ತಕ ಓದದೆ ಮುಖಪುಟ ಮಾಡಿದವರು ಫೇಲ್. ಮಾರ್ಕ್ ಕಟ್ ಅಲ್ಲ, ಫೇಲ್. ಮುಂದಿನ ವರ್ಷ ಜೂನಿಯರ್ಸ್ ಒಟ್ಟಿಗೆ ಕೂತು ಮಾಡುದು."

ಚೀಟಿ ಎತ್ತಿದೆವು. ಕಡಬದಿಂದ ಬರುತ್ತಿದ್ದ ನನ್ನ ಗೆಳತಿಗೆ ತೊಂಬತ್ತು ಪುಟದ ಪುಸ್ತಕ ಬಂತು. ನನಗೆ ಬಂದದ್ದು ಘಟ್ಟದ ಮೇಲಿನ ಕಥೆ, ನಾನೂರ ಹನ್ನೆರಡು ಪುಟ, ತಲೆದಿಂಬಿನ ಗಾತ್ರ.

"ನಿನ್ನದನ್ನು ಕುತ್ತಿಗೆ ಅಡಿ ಇಟ್ಟು ಮಲಗ್ಲಿಕ್ಕೆ ಆಗ್ತದೆ" ಎಂದಳು ಗೆಳತಿ.

"ನೀನು ಪುಣ್ಯ ಮಾಡಿದವಳು ಮಾರಾಯ್ತಿ" ಎಂದೆ ನಾನು, ಹೊಟ್ಟೆ ಉರಿದುಕೊಂಡು.

ಒಂದು ಮಾತನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಕನ್ನಡದ ಅಕ್ಷರ ಇಷ್ಟ, ವಾಕ್ಯ ಅಲ್ಲ. 'ಳ' ಅಕ್ಷರದ ಹೊಟ್ಟೆಯನ್ನು ಎಷ್ಟು ಉಬ್ಬಿಸಬಹುದು ಎಂದು ಇಡೀ ಮಧ್ಯಾಹ್ನ ಕೂತು ನೋಡಬಲ್ಲೆ. ಆದರೆ ಅದೇ ಅಕ್ಷರಗಳು ಸಾಲಾಗಿ ನಿಂತು ಏನೋ ಹೇಳಲು ಹೊರಟರೆ ನನಗೆ ಆಕಳಿಕೆ ಬರುತ್ತದೆ. ಆ ಪುಸ್ತಕದ ಮೊದಲ ಇಪ್ಪತ್ತು ಪುಟ ಹೇಗೋ ಓದಿದೆ. ಒಬ್ಬ ಬಡವ, ಅವನ ಕಳೆದುಹೋದ ಎತ್ತು, ಎಷ್ಟು ಹೋದರೂ ಮುಗಿಯದ ಬಯಲು. ಎತ್ತು ಸಿಗುವ ಲಕ್ಷಣ ಕಾಣಲಿಲ್ಲ. ಪುಸ್ತಕ ಮುಚ್ಚಿದೆ.

ಆದರೆ ಫೇಲಾಗುವ ಹಾಗೂ ಇರಲಿಲ್ಲ. ಅಪ್ಪನಿಗೆ ನಾನು ಬಿ.ಕಾಂ. ಮಾಡಿ ಎಲ್ಲಾದರೂ ಸೊಸೈಟಿಯಲ್ಲಿ ಕುರ್ಚಿ ಹಿಡಿಯಬೇಕೆಂದಿತ್ತು. "ಅವಳಿಗೆ ಬೇಕಾದ್ದು ಓದಲಿ" ಎಂದು ಮನೆಯಲ್ಲಿ ಜಗಳ ಮಾಡಿ ನನ್ನನ್ನು ಈ ಕಾಲೇಜಿಗೆ ಕಳಿಸಿದವಳು ಅವ್ವ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಬೆಳಗ್ಗೆ ರಬ್ಬರ್ ಮರಗಳ ಟ್ಯಾಪಿಂಗ್, ಆಮೇಲೆ ಆ ಮರದ ಹಾಲು ಹೆಪ್ಪುಗಟ್ಟಿಸಿ ರಬ್ಬರ್ ಶೀಟು ಒತ್ತುವುದು, ಮಧ್ಯಾಹ್ನ ಊಟವಾದ ಮೇಲೆ ಮೆಟ್ಟಿಲಲ್ಲಿ ಕೂತು ಏನಾದರೊಂದು ಓದುವುದು. ಪಂಚಾಯತ್ ಲೈಬ್ರರಿಯಿಂದ ತರುತ್ತಿದ್ದಳು. ಏನು ತರುತ್ತಿದ್ದಳೋ, ನಾನು ಕೇಳಿದವಳಲ್ಲ. ನಾನು ಮಾಡಿದ್ದು ಇಷ್ಟೇ: ಆ ತಲೆದಿಂಬನ್ನು ಅವ್ವನ ಮಡಿಲಿಗೆ ಹಾಕಿದೆ.

"ಇದನ್ನು ಓದಿ ಕಥೆ ಹೇಳು ಅವ್ವಾ."

"ನಿಂಗೆ ಎಂತಾಗಿದೆ? ಕಣ್ಣು ಉಂಟಲ್ಲ?"

"ನಂಗೆ ಡ್ರಾಯಿಂಗ್ ಕೆಲಸ ಉಂಟು. ಮತ್ತೆ ಓದ್ತೇನೆ."

(ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಅದನ್ನು ಹಾಗೆಯೇ ಬರೆದರೆ ಸುಳ್ಯ ದಾಟಿದ ಕೂಡಲೇ ನಿಮಗೆ ತಲೆಬುಡ ಗೊತ್ತಾಗಲಿಕ್ಕಿಲ್ಲ ಎಂದು ಪೇಟೆಯ ಕನ್ನಡ ಮಾಡಿದ್ದೇನೆ. ಅವ್ವ ಇನ್ನೂ ಚುರುಕಾಗಿ ಬೈಯುತ್ತಾಳೆ.)

ಅವ್ವ ಒಂಬತ್ತು ದಿನದಲ್ಲಿ ಮುಗಿಸಿದಳು. ಪುಸ್ತಕದಲ್ಲಿ ಅಲ್ಲಲ್ಲಿ ಸಾರಿನ ಕಲೆ. ಶೀಟು ಒತ್ತುವ ಮಿಷನ್ನಿನ ಹಿಡಿಯನ್ನು ನಾನು ತಿರುಗಿಸುತ್ತಾ ಇದ್ದೆ, ಅವ್ವ ಶೀಟು ಕೊಡುತ್ತಾ ಕಥೆ ಹೇಳುತ್ತಿದ್ದಳು. ಎತ್ತು ಹುಡುಕುತ್ತಾ ಅವನು ಊರೂರು ಅಲೆದದ್ದು, ಹೆಂಡತಿ ತವರಿಗೆ ಹೋದದ್ದು, ಯಾರ ಮನೆಯಲ್ಲೂ ಅವನಿಗೆ ಒಂದು ಹೊತ್ತಿನ ಊಟ ಸಿಗದದ್ದು. ಕೊನೆಗೆ ಬಂದಾಗ ಅವ್ವ ಸ್ವಲ್ಪ ನಿಧಾನ ಮಾಡಿದಳು.

"ನಾಲ್ಕು ಜನ ಬಂದು ಅವನನ್ನು ಚಾವಡಿಗೆ ಕರ್ಕೊಂಡು ಹೋಗಿ ಕೂರಿಸ್ತಾರೆ. ಅಲ್ಲಿಗೆ ಮುಗೀತು."

"ಅಂತೂ ಒಳ್ಳೆದಾಯ್ತಲ್ಲ!"

"ಹ್ಞೂಂ. ಬೆಲ್ಲ ನೀರೂ ಕೊಟ್ಟಿರ್ಬೇಕು."

"ಪುಸ್ತಕದಲ್ಲಿ ಹಾಗೆ ಉಂಟಾ?"

"ಕೂರಿಸಿದ ಮೇಲೆ ಕೊಡದೆ ಇರ್ತಾರಾ?" ಎಂದು ಅವ್ವ ಮುಂದಿನ ಶೀಟು ಎತ್ತಿದಳು.

ನಮ್ಮ ಕಡೆಯವರಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಚಾವಡಿ ಎಂದರೆ ಮನೆಯ ಎದುರಿನ ಪಡಸಾಲೆ, ಬಂದವರನ್ನು ಕೂರಿಸುವ ಜಾಗ. ಮೊದಲು ನೀರು, ಜೊತೆಗೊಂದು ತುಂಡು ಬೆಲ್ಲ, ಆಮೇಲೆ ಮಾತು. ನಾನೂರು ಪುಟ ಅಲೆದವನನ್ನು ಕರೆದು ಚಾವಡಿಯಲ್ಲಿ ಕೂರಿಸಿದರು ಎಂದರೆ ಅದಕ್ಕಿಂತ ಒಳ್ಳೆಯ ಕೊನೆ ಬೇರೆ ಯಾವುದು? ನನ್ನ ತಲೆಯಲ್ಲಿ ಮುಖಪುಟ ಅಲ್ಲೇ ತಯಾರಾಯಿತು. ಮರ ಇಲ್ಲ, ಸೂರ್ಯ ಇಲ್ಲ, ಬೆನ್ನು ಇಲ್ಲ. ಕೆಂಪು ಕಾವಿಯ ನೆಲ, ಅದರ ಮೇಲೆ ಒಂದು ಮಣೆ, ಪಕ್ಕದಲ್ಲಿ ಒಂದು ಚೊಂಬು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. ಅಷ್ಟೇ.

ಮೇಡಂ ಅದನ್ನು ಕಂಡು ಕರಗಿಹೋದರು. ಅವರು ಮಂಗಳೂರಿನವರು, ಖಾಲಿ ಜಾಗ ಎಂದರೆ ಪ್ರಾಣ. "ನೋಡಿ, ಇದು ಉಸಿರಾಡ್ತದೆ" ಎಂದು ನನ್ನ ಹಾಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿದರು. "ಇಡೀ ಪುಸ್ತಕದ ಆತ್ಮ ಇದರಲ್ಲಿ ಉಂಟು. ಪುಸ್ತಕವನ್ನು ಆಳವಾಗಿ ಓದಿದವರು ಮಾತ್ರ ಹೀಗೆ ಮಾಡ್ಲಿಕ್ಕೆ ಸಾಧ್ಯ." ನಾನು ವಿನಯದಿಂದ ತಲೆ ತಗ್ಗಿಸಿದೆ. ನಾಚಿಕೆ ಎನ್ನುವುದು ನನಗೆ ಆ ವಯಸ್ಸಿನಲ್ಲಿ ಸ್ವಲ್ಪ ಕಡಿಮೆ ಇತ್ತು.

ಗೆಳತಿಗೆ ಮಾತ್ರ ಒಂದು ಆಕ್ಷೇಪ. "ಮಣೆ ಯಾಕೆ? ನಮ್ಮ ಮನೆಯಲ್ಲಿ ಬಂದವರನ್ನು ಸೋಫಾದಲ್ಲಿ ಕೂರಿಸುದು. ಸೋಫಾ ಹಾಕು, ಇನ್ನೂ ಮರ್ಯಾದೆ."

ಪ್ರಿಂಟ್ ತೆಗೆಸಲು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಫ್ಲೆಕ್ಸ್ ಅಂಗಡಿಗೆ ಹೋದೆವು. ಅಲ್ಲಿನ ಅಣ್ಣ ದಿನಕ್ಕೆ ಹತ್ತು ಹುಟ್ಟುಹಬ್ಬ, ಐದು ಶ್ರದ್ಧಾಂಜಲಿ ಮಾಡುವವರು. ಎರಡಕ್ಕೂ ಒಂದೇ ಹೂವಿನ ಅಂಚು. ನನ್ನ ಫೈಲ್ ಅವರ ಕಂಪ್ಯೂಟರಿನಲ್ಲಿ ತೆರೆದದ್ದೇ, ಶೀರ್ಷಿಕೆಯ ಒತ್ತಕ್ಷರಗಳೆಲ್ಲ ಉದುರಿ ಬೇರೆ ಬೇರೆ ಕಡೆ ಹೋಗಿ ಕೂತವು. ಕನ್ನಡದ ಫಾಂಟುಗಳಿಗೆ ಊರು ಬದಲಾದರೆ ಹೊಟ್ಟೆ ಕೆಡುತ್ತದೆ. ಅದನ್ನು ಒಂದೊಂದಾಗಿ ಹೆಕ್ಕಿ ಜೋಡಿಸುವಷ್ಟರಲ್ಲಿ ನನ್ನ ಮಂಡೆ ಬೆಚ್ಚ ಆಗಿತ್ತು. ಅಣ್ಣ ಪರದೆಯನ್ನು ಬಹಳ ಹೊತ್ತು ನೋಡಿದರು.

"ಜಾಗ ತುಂಬ ಖಾಲಿ ಉಂಟಲ್ಲ. ಎರಡು ಹೂವು ಹಾಕುವನಾ?"

"ಬೇಡ ಅಣ್ಣ."

"ಎಕ್ಸ್‌ಟ್ರಾ ಇಲ್ಲ, ಹಾಗೇ ಹಾಕಿ ಕೊಡ್ತೇನೆ. ಬೋಳು ಬೋಳು ಕಾಣ್ತದೆ ಮಾರಾಯ್ರೆ."

ಹೂವು ಹಾಕಿಸದೆ ಹೊರಗೆ ಬರಲು ಅರ್ಧ ಗಂಟೆ ಬೇಕಾಯಿತು.

ವೈವಾದ ದಿನವೇ ಮನೆಯವರಿಗೂ ಬಂದು ನೋಡಲು ಅವಕಾಶವಿತ್ತು. ಅವ್ವನಿಗೆ ನಾನೇ ಹೇಳಿದ್ದೆ, "ಬಾ, ಅದು ನಿನ್ನದೇ ಮುಖಪುಟ." ಅವಳು ಸ್ವಸಹಾಯ ಸಂಘದಲ್ಲೆಲ್ಲ ಸುದ್ದಿ ಮಾಡಿ, ಮದುವೆಗೆ ಉಡುವ ಸೀರೆಗೆ ಇಸ್ತ್ರಿ ಹಾಕಿಸಿಟ್ಟಿದ್ದಳು. ನನ್ನ ವೈವಾ ಹನ್ನೆರಡಕ್ಕೆ; ಅವಳು ಎರಡು ಗಂಟೆಯ ಮೇಲೆ ಬರುವುದು ಎಂದು ಮಾತಾಗಿತ್ತು.

ಪರೀಕ್ಷಕರು ಘಟ್ಟದ ಮೇಲಿನ ಹಿರಿಯರು. ಬಿಳಿ ಮೀಸೆ, ಜೇಬಿನಲ್ಲಿ ಎರಡು ಪೆನ್ನು. ನನ್ನ ಮುಖಪುಟದ ಎದುರು ನಿಂತು ಕನ್ನಡಕ ಮೇಲೆ ಮಾಡಿದರು, ಕೆಳಗೆ ಮಾಡಿದರು.

"ಏನಮ್ಮಾ ಇದು?"

ನಾನು ಕಲಿತದ್ದನ್ನು ಒಪ್ಪಿಸಿದೆ. ಪಯಣ, ದಣಿವು, ಕೊನೆಗೆ ಸಿಕ್ಕ ಆಸರೆ, ಆತಿಥ್ಯದ ಸಂಕೇತವಾಗಿ ಬೆಲ್ಲ. ಅವರು ಪೂರ್ತಿ ಕೇಳಿ ಜೋರಾಗಿ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಲ್ಲಮ್ಮಾ, ಅವನನ್ನ ಕಳ್ಳ ಅಂತ ಹಿಡ್ಕೊಂಡು ಹೋಗಿದಾರೆ ಕಣಮ್ಮಾ! ಗೌಡನ ಎತ್ತು ಕದ್ದ ಅಂತ. ನಮ್ಮ ಕಡೆ ಚಾವಡಿ ಅಂದ್ರೆ ಊರಿನ ಕಚೇರಿ. ಅಲ್ಲಿ ಕೂರಿಸಿದ್ರು ಅಂದ್ರೆ ಮುಗೀತು ಅವನ ಕಥೆ. ನೀನು ನೋಡಿದ್ರೆ ಕಳ್ಳನಿಗೆ ಬೆಲ್ಲ ನೀರು ಕೊಟ್ಟು ಕೂರಿಸಿದೀಯಲ್ಲ!"

ನಾನು ಮೇಡಂ ಕಡೆ ನೋಡಿದೆ. ಮೇಡಂ ಗೋಡೆಯ ಕಡೆ ನೋಡಿದರು. ಅವರೂ ಆ ಪುಸ್ತಕ ಓದಿರಲಿಲ್ಲ ಎಂದು ನನಗೆ ಆ ಕ್ಷಣ ಗೊತ್ತಾಯಿತು, ಆದರೆ ವೈವಾ ಇದ್ದದ್ದು ಅವರಿಗಲ್ಲ.

"ಪುಸ್ತಕ ಓದಿದೀಯೇನಮ್ಮಾ?" ಪರೀಕ್ಷಕರು ನಗು ನಿಲ್ಲಿಸಿ ಕೇಳಿದರು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ನಾನು ತಪ್ಪಿಸಿಕೊಂಡೆ. "ಓದಿದ್ದೇನೆ ಸರ್. ಆ ಕೊನೆಯ ಭಾಗ ಮಾತ್ರ ಟೈಮ್ ಇರ್ಲಿಲ್ಲ ಅಂತ ಅಮ್ಮನ ಹತ್ರ ಓದಿಸಿದೆ. ಅವರಿಗೆ ಸರಿಯಾಗಿ ಓದ್ಲಿಕ್ಕೆ ಬರುದಿಲ್ಲ ಸರ್. ಏಳನೇ ಕ್ಲಾಸ್. ಅವರು ತಪ್ಪು ಹೇಳಿದ್ದು."

ಹೇಳಿ ಮುಗಿಸಿದಾಗ ಗೆಳತಿ ನನ್ನ ಕೈ ಚಿವುಟಿದಳು. ತಿರುಗಿ ನೋಡಿದೆ. ಬಾಗಿಲಲ್ಲಿ ಅವ್ವ ನಿಂತಿದ್ದಳು, ಇಸ್ತ್ರಿ ಮಾಡಿದ ಸೀರೆಯಲ್ಲಿ. ಬೇಗ ಬರುವ ಬಸ್ಸು ಸಿಕ್ಕಿತ್ತಂತೆ.

ಅವಳು ಯಾರೆಂದು ಪರೀಕ್ಷಕರಿಗೆ ಗೊತ್ತಾಗಲಿಲ್ಲ. ಒಳ್ಳೆಯ ಮನುಷ್ಯ, ಒಂದು ವಾರ ಕೊಟ್ಟರು: ಸರಿಯಾದ ಮುಖಪುಟ ಮಾಡಿ ತಂದರೆ ಪಾಸು. ಅವ್ವ ಒಳಗೆ ಬಂದು ಎಲ್ಲರ ಮುಖಪುಟಗಳನ್ನೂ ಒಂದೊಂದಾಗಿ ನೋಡಿದಳು, ಮೇಡಂಗೆ ನಮಸ್ಕಾರ ಮಾಡಿದಳು, ನನ್ನದರ ಎದುರು ಉಳಿದವುಗಳಿಗಿಂತ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಬಸ್ಸಿನಲ್ಲಿ ಅವ್ವ ಇಬ್ಬರ ಟಿಕೆಟನ್ನೂ ತೆಗೆದಳು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು. "ನಂಗೆ ಓದ್ಲಿಕ್ಕೆ ಬರುದಿಲ್ವಾ?"

"ಬಾಯಿ ತಪ್ಪಿ ಬಂತು ಅವ್ವಾ."

"ಬಾಯಿ ತಪ್ಪಿ ಬರುದು ಒಂದು ಶಬ್ದ. ಇಷ್ಟುದ್ದ ಬರುದಿಲ್ಲ."

ಅಷ್ಟೇ. ಮನೆಯಲ್ಲಿ ಊಟ ಬಡಿಸಿದಳು, ಬಟ್ಟೆ ಒಗೆದು ಹಾಕಿದಳು, ಬೈಯಲಿಲ್ಲ. ಬೈಯದ ಅವ್ವನನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಹೆದರಿಕೆಯಾಯಿತು.

ಹೊಸ ಮುಖಪುಟ ಮಾಡಲೇಬೇಕಿತ್ತು. ಇನ್ನು ಯಾರ ಮಡಿಲಿಗೆ ಹಾಕುವುದು? ಪುಸ್ತಕ ತೆಗೆದು ನಾನೇ ಕೂತೆ. ಮೊದಲ ದಿನ ಶಪಿಸುತ್ತಾ ಓದಿದೆ, ಎರಡನೆಯ ದಿನ ಶಪಿಸಲು ಮರೆತೆ. ಮೂರನೆಯ ದಿನ ನೂರ ಅರವತ್ತನೆಯ ಪುಟದ ಹತ್ತಿರ ನನ್ನ ಕಣ್ಣು ನಿಂತಿತು. ಅಲ್ಲಿ ಚಾವಡಿಗೆ ಬೀಗ ಇತ್ತು. ಯಾರನ್ನೋ ಕಂಬಕ್ಕೆ ಕಟ್ಟಿಹಾಕಿದ್ದರು. ಮುಂದೆ ಹೋದ ಹಾಗೆ ಮತ್ತೆ ಬಂತು, ಇನ್ನೊಮ್ಮೆ ಬಂತು. ಕೊನೆಗೆ ತಲುಪುವಷ್ಟರಲ್ಲಿ ಆ ಪುಸ್ತಕದಲ್ಲಿ ಚಾವಡಿ ಎಂದರೆ ಏನು ಎನ್ನುವುದು ಎಳೆಯ ಮಗುವಿಗೂ ತಿಳಿಯುವ ಹಾಗಿತ್ತು. ಆ ಪುಟಗಳಲ್ಲೂ ಸಾರಿನ ಕಲೆ ಇತ್ತು.

ಅವ್ವ ಶೀಟುಗಳನ್ನು ಹಗ್ಗಕ್ಕೆ ಹಾಕುತ್ತಿದ್ದಳು. ಪುಸ್ತಕ ಹಿಡಿದುಕೊಂಡೇ ಹೋದೆ.

"ಅವ್ವಾ, ನಿಂಗೆ ಗೊತ್ತಿತ್ತು."

"ಎಂತ?"

"ಅವನನ್ನು ಹಿಡ್ಕೊಂಡು ಹೋದದ್ದು ಅಂತ."

"ನಾನೂರು ಪುಟ ಓದಿದವಳಿಗೆ ಅಷ್ಟು ಗೊತ್ತಾಗುದಿಲ್ವಾ?"

"ಮತ್ತೆ ಯಾಕೆ ಹಾಗೆ ಹೇಳಿದ್ದು?"

"ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದ್ದು. ಬೆಲ್ಲ ನೀರು ಮಾತ್ರ ನನ್ನದು. ಮತ್ತೆ ನೀನು ಓದ್ತೇನೆ ಅಂತ ಹೇಳಿದ್ದಲ್ಲ? ಓದ್ತಿ ಅಂತ ಗ್ರಹಿಸಿದೆ."

ಅವ್ವ ಇನ್ನೊಂದು ಶೀಟು ಕೊಡವಿ ಹಾಕಿದಳು. ಆಮೇಲೆ, ನಾನು ಕೇಳದೆಯೇ, ಅಜ್ಜನ ವಿಷಯ ತೆಗೆದಳು. ಅವಳ ಅಪ್ಪ, ನಾನು ನೋಡದ ಅಜ್ಜ. ಧಣಿಗಳ ಮನೆಯಲ್ಲಿ ಜೀವಮಾನವಿಡೀ ಕೆಲಸ ಮಾಡಿದವರು.

"ದೊಡ್ಡಕ್ಕನ ಮದುವೆ ಕಾಗದ ಕೊಡ್ಲಿಕ್ಕೆ ಅಪ್ಪನೊಟ್ಟಿಗೆ ನಾನೂ ಹೋಗಿದ್ದೆ. ನಂಗೆ ಏಳು ವರ್ಷ. ಅಪ್ಪ ಹೊಸ ಅಂಗಿ ಹಾಕಿದ್ರು. ಧಣಿಗಳು ಚಾವಡಿಯಲ್ಲಿ ಕೂತಿದ್ರು, ನಾವು ಅಂಗಳದಲ್ಲಿ. ಬಿಸಿಲು ಅಂದ್ರೆ ಬಿಸಿಲು. 'ಅಲ್ಲೇ ಇಡು' ಅಂದ್ರು. ಅಪ್ಪ ಮೆಟ್ಟಿಲ ಮೇಲೆ ಕಾಗದ ಇಟ್ಟು, ಹಾರದ ಹಾಗೆ ಒಂದು ಕಲ್ಲು ಇಟ್ಟು ಬಂದ್ರು. ಸಾಯುವವರೆಗೆ ಅಲ್ಲಿ ದುಡಿದ್ರು. ಒಂದು ದಿನ ಬಾ ಕೂತ್ಕೊ ಅಂತ ಹೇಳ್ಲಿಲ್ಲ." ಅವ್ವನ ದನಿ ಒಡೆಯಿತು, ಸಿಟ್ಟಿಗೆ. "ಆ ಪುಸ್ತಕದವನನ್ನೂ ನಾನೂರು ಪುಟ ಯಾರೂ ಕೂರಿಸ್ಲಿಲ್ಲ. ಕೊನೆಗೆ ಕೂರಿಸಿದ್ದು ಹಿಡಿದು ಹಾಕ್ಲಿಕ್ಕೆ. ನಾನು ಹೇಳುವಾಗಲಾದ್ರೂ ಸರೀ ಕೂರಲಿ ಅಂತ. ಕೂತ್ರೆ ಯಾರ ಗಂಟು ಹೋಗ್ತದೆ?"

ನಾನು ಅಳುವವಳಲ್ಲ. ಅವತ್ತು ಅತ್ತೆ. ಅವ್ವ ಸಮಾಧಾನ ಮಾಡಲಿಲ್ಲ, "ಶೀಟಿಗೆ ತಾಗ್ಬೇಡ" ಎಂದಳು.

ವಾರ ಕಳೆದು ಹೊಸ ಮುಖಪುಟ ತೆಗೆದುಕೊಂಡು ಹೋದೆ. ಮುಚ್ಚಿದ ಬಾಗಿಲು, ಒಂದು ಬೀಗ, ಹೊಸ್ತಿಲ ಹೊರಗೆ ಒಂದು ಜೊತೆ ಹರಿದ ಚಪ್ಪಲಿ. ಪರೀಕ್ಷಕರು ನೋಡಿ, "ಹಾಂ, ಈಗ ಓದಿದೀಯ" ಎಂದು ಪೆನ್ನು ತೆಗೆದರು. ಮೇಡಂ ಕೂಡ ನಕ್ಕರು. ಇನ್ನು ಐದು ಸೆಕೆಂಡು ಬಾಯಿ ಮುಚ್ಚಿ ನಿಂತಿದ್ದರೆ ನಾನು ಪಾಸು.

"ಸರ್, ಹೋದ ವಾರ ನಾನು ಸುಳ್ಳು ಹೇಳಿದ್ದು. ಅವ್ವನಿಗೆ ಓದ್ಲಿಕ್ಕೆ ಬರ್ತದೆ. ಇಡೀ ಪುಸ್ತಕ ಓದಿದ್ದು ಅವರೇ. ಓದದೆ ಮುಖಪುಟ ಮಾಡಿದ್ದು ನಾನು."

ಪೆನ್ನು ಗಾಳಿಯಲ್ಲೇ ನಿಂತಿತು. ಗೆಳತಿ ಹಿಂದಿನಿಂದ "ಹುಚ್ಚು ಹಿಡಿದಿದೆಯಾ ನಿಂಗೆ?" ಎಂದು ಪಿಸುಗುಟ್ಟಿದಳು. ಪರೀಕ್ಷಕರು ಮೇಡಂ ಕಡೆ ನೋಡಿದರು. ಎಲ್ಲರ ಎದುರು ಹೇಳಿದ ನಿಯಮ. ಮೇಡಂಗೆ ಬೇರೆ ದಾರಿ ಇರಲಿಲ್ಲ. ಫೇಲ್. ಹೊರಡುವಾಗ ಪರೀಕ್ಷಕರು ನನ್ನನ್ನು ಕರೆದು ಒಂದು ಪ್ರಶ್ನೆ ಕೇಳಿದರು.

ಸಂಜೆ ಮನೆಗೆ ಬಂದಾಗ ಅವ್ವ ಮೆಟ್ಟಿಲಲ್ಲಿ ಕೂತು ಓದುತ್ತಿದ್ದಳು. ಪುಸ್ತಕ ಮಗುಚಿ ಇಟ್ಟು ನನ್ನ ಮುಖ ನೋಡಿದಳು. ನಡೆದದ್ದನ್ನೆಲ್ಲ ಹೇಳಿದೆ, ನಾನು ಅಲ್ಲಿ ಹೇಳಿದ ಮಾತನ್ನೂ.

"ಫೇಲ್ ಮಾಡಿದ್ರು ಅವ್ವಾ. ಒಂದು ವರ್ಷ ಹೋಯ್ತು."

"ಅದು ನಿನ್ನ ಮೋರೆ ನೋಡುವಾಗಲೇ ಗೊತ್ತಾಯ್ತು. ನಾನು ಓದಿದ್ದು ಅಂತ ಹೇಳಿದ್ದಕ್ಕೆ ಆ ಸಾರ್ ಎಂತ ಹೇಳಿದ್ರು?"

"ನಿಮ್ಮ ತಾಯಿ ಬೇರೆ ಏನೇನು ಓದಿದ್ದಾರೆ ಅಂತ ಕೇಳಿದ್ರು."

"ನೀನು ಎಂತ ಹೇಳಿದೆ?"

"ಗೊತ್ತಿಲ್ಲ ಅಂತ ಹೇಳಿದೆ."

ಅವ್ವ ಪಕ್ಕಕ್ಕೆ ಸರಿದು, "ಪೆನ್ನು ತಾ, ಹೇಳ್ತೇನೆ, ಬರ್ಕೊ" ಎಂದಳು. ಪಟ್ಟಿ ನಲವತ್ತು ದಾಟಿದ ಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಅದರಲ್ಲಿ ಒಂದನ್ನೂ ನಾನು ಓದಿರಲಿಲ್ಲ.